ಎಲ್ಲರಿಗೂ ಒಂದೇ ಫೋನ್ ನಂಬರ್!

ಕೋಲ್ಕತ್ತಾದ ನಿಮ್ಮ ಕನ್ನಡ ಬಳಗ ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದೆ ಎಂದಿಟ್ಟುಕೊಳ್ಳಿ. ನಡುರಾತ್ರಿ ಆಸ್ಪತ್ರೆಯಿಂದ ಕರೆ: ಓ ನೆಗೆಟಿವ್ ಬೇಕು. ಪಟ್ಟಿ ತೆರೆದರೆ ಹೆಸರುಗಳು ಹತ್ತಾರು, ನಂಬರ್ ಮಾತ್ರ ಎಲ್ಲರದೂ 2147483647! ಹತ್ತು ಅಂಕಿ ಸರಿಯಾಗಿಯೇ ಇರುವುದರಿಂದ, ಅಲ್ಲಿಯವರೆಗೆ ಯಾರಿಗೂ ಅನುಮಾನ ಬಂದಿರುವುದಿಲ್ಲ.

ಇದು ವೈರಸ್ ಕಾಟವಲ್ಲ. ಡೇಟಾಬೇಸಿನಲ್ಲಿ ಫೋನ್ ಕಾಲಂ ಅನ್ನು ‘ಇಂಟ್’ ಎಂದು ಮಾಡಿದವರ ಎಡವಟ್ಟು. ಮೈಎಸ್‌ಕ್ಯೂಎಲ್‌ನಲ್ಲಿ ಇಂಟ್ ಎಂದರೆ 32 ಬಿಟ್. ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆಯೇ ಈ 2147483647, ಅಂದರೆ ಸುಮಾರು 214 ಕೋಟಿ. 98ರಿಂದ ಶುರುವಾಗುವ ಮೊಬೈಲ್ ನಂಬರೋ, 980 ಕೋಟಿಯ ಲೆಕ್ಕ. ಸೇರಿನಲ್ಲಿ ಕೊಳಗ ಅಳೆಯಲು ಹೋದ ಹಾಗೆ. ಹಳೆಯ ಮೈಎಸ್‌ಕ್ಯೂಎಲ್ ಒಂದು ಎಚ್ಚರಿಕೆ ಗೊಣಗಿ, ಹಿಡಿದಷ್ಟನ್ನು ಬರೆದುಕೊಂಡು ಸುಮ್ಮನಾಗುತ್ತಿತ್ತು. 2015ರ 5.7 ಆವೃತ್ತಿಯಿಂದೀಚೆಗೆ ತಪ್ಪೆಂದು ನಿಲ್ಲಿಸುತ್ತದೆ, ಆ ಕಟ್ಟುನಿಟ್ಟನ್ನು ಯಾರೂ ಆಫ್ ಮಾಡಿರದಿದ್ದರೆ!

ಲ್ಯಾಂಡ್‌ಲೈನಿನ ಕಥೆ ಇನ್ನೂ ತಮಾಷೆ. ಎಸ್‌ಟಿಡಿ ಕೋಡ್ ಸೇರಿಸಿ ಬರೆಯಿರಿ. ದೆಹಲಿಯದು 11, ಸಲೀಸಾಗಿ ಹಿಡಿಯುತ್ತದೆ. ಮುಂಬೈಯ 22 ಹಿಡಿಯುವುದಿಲ್ಲ. ಋಣಸಂಖ್ಯೆ ಬೇಡವೆಂದು ‘ಅನ್‌ಸೈನ್ಡ್’ ಮಾಡಿದರೆ ಮಿತಿ 4294967295ಕ್ಕೆ ಏರುತ್ತದೆ. ನಮ್ಮ ಕೋಲ್ಕತ್ತಾದ 33 ಪಾರು, ಚೆನ್ನೈಯ 44, ಬೆಂಗಳೂರಿನ 80 ಹೊರಗೆ. ದೆಹಲಿ ನಂಬರಿನಲ್ಲಷ್ಟೇ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯೆಂದೇ ಕಾಣುತ್ತದೆ.

ಪಾರಾಯಿತೆಂದು ಬೀಗಬೇಡಿ. ಜಾವಾದ ಇಂಟ್‌ಗೆ ಅನ್‌ಸೈನ್ಡ್ ರೂಪವೇ ಇಲ್ಲ. ಡೇಟಾಬೇಸಿನಲ್ಲಿ ಕ್ಷೇಮವಾಗಿರುವ 3300000000 ಅನ್ನು ಇಂಟ್‌ಗೆ ತುರುಕಿದರೆ ಸಿಗುವುದು -994967296. ಅದನ್ನು ‘ಲಾಂಗ್’ ಆಗಿ ಓದಬೇಕು. ಎರಡೂ ಕಡೆ ಹೆಸರು ಇಂಟ್ ಎಂದೇ ಇದ್ದರೂ ಅಳತೆ ಬೇರೆ.

ನನ್ನನ್ನು ಕೇಳಿದರೆ ಫೋನ್ ನಂಬರ್ ಸಂಖ್ಯೆಯೇ ಅಲ್ಲ. ಎರಡು ಫೋನ್ ನಂಬರ್ ಕೂಡಿಸಿದವರುಂಟೇ? ಸಂಖ್ಯೆಯಾಗಿಟ್ಟರೆ 033ರ ಸೊನ್ನೆಯೂ ಹಾರಿಹೋಗುತ್ತದೆ. ಅದನ್ನು ಪಠ್ಯವಾಗಿ, ಅಂದರೆ ‘ವಾರ್‌ಚಾರ್’ ಕಾಲಂನಲ್ಲಿ ಇಡಿ. ಆಧಾರ್, ಪಿನ್‌ಕೋಡ್‌ಗಳಿಗೂ ಇದೇ ಮಾತು. ಚಂದಾ ಹಣ ಮಾತ್ರ ನಿಜವಾದ ಲೆಕ್ಕ. ಅದಕ್ಕೆ ಡೇಟಾಬೇಸಿನಲ್ಲಿ ‘ಡೆಸಿಮಲ್’, ಜಾವಾದಲ್ಲಿ ‘ಬಿಗ್‌ಡೆಸಿಮಲ್’. ‘ಫ್ಲೋಟ್’ ಬಳಸಿದರೆ ಪೈಸೆಗಳು ಸದ್ದಿಲ್ಲದೆ ಸೋರುತ್ತವೆ.

ದೊಡ್ಡವರೂ ಈ ಮಿತಿಯನ್ನು ಮುಟ್ಟಿದ್ದಾರೆ. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಇದೇ 214 ಕೋಟಿಯ ಗಡಿ ತಲುಪಿದಾಗ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿತ್ತು.

ಈಗ ನಿಮ್ಮ ಪಟ್ಟಿಯಲ್ಲಿ 2147483647 ಎಂದು ಹುಡುಕಿ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಕಾಲಂ ಬದಲಿಸಿ. ಆದರೆ ಅಳಿದುಹೋದ ಅಂಕಿಗಳು ಅದರಿಂದ ಮರಳುವುದಿಲ್ಲ. ಸದಸ್ಯರು ತುಂಬಿಕೊಟ್ಟ ಕಾಗದದ ಅರ್ಜಿಗಳನ್ನು ಬೀರುವಿನಿಂದ ತೆಗೆದು ಮತ್ತೆ ಟೈಪ್ ಮಾಡಬೇಕು.