ಹಿತ್ತಲ ಕೆಲಸವೇ ಮದ್ದಾದ ಬಗೆ

ಟೋಕಿಯೊದಲ್ಲಿ ವೈದ್ಯಕೀಯ ಓದುತ್ತಿದ್ದ ಶೋಮಾ ಮೊರಿಟಾ ಅವರಿಗೆ ಎದೆ ಡವಡವ, ತಲೆನೋವು, ಈಗಲೇ ಸತ್ತೇನೆಂಬ ಭಯ. ಔಷಧಿ ನಡೆದೇ ಇತ್ತು. ಒಮ್ಮೆ ಊರಿನಿಂದ ತಂದೆ ಕಳಿಸಬೇಕಿದ್ದ ಹಣ ಬರಲಿಲ್ಲ. ಸಿಟ್ಟಿಗೆದ್ದ ಹುಡುಗ ಔಷಧಿ ಬಿಟ್ಟು, ಸತ್ತರೆ ಸಾಯಲಿ ಎಂದು ಹಗಲಿರುಳು ಪರೀಕ್ಷೆಗೆ ಓದಿದ. ಪರೀಕ್ಷೆಯೂ ಚೆನ್ನಾಗಿ ಆಯಿತು, ಕಾಯಿಲೆಯೂ ಕಾಣೆಯಾಯಿತು.

ಮುಂದೆ ಮನೋವೈದ್ಯರಾದ ಮೊರಿಟಾ ಇಂಥದೇ ಆತಂಕದ ರೋಗಿಗಳಿಗೆ ಸಂಮೋಹನ, ವಿಶ್ರಾಂತಿ, ಬುದ್ಧಿಮಾತು ಎಲ್ಲವನ್ನೂ ಪ್ರಯೋಗಿಸಿದರು. ಯಾವುದೂ ಸಮಾಧಾನ ತರಲಿಲ್ಲ. 1919ರಲ್ಲಿ ಇಂಥದೇ ತೊಂದರೆಯಿದ್ದ ಪರಿಚಯದ ದಾದಿಯೊಬ್ಬರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಮನೆಗೆಲಸದಲ್ಲಿ ಕೈಜೋಡಿಸುತ್ತಾ ಆಕೆ ಚೇತರಿಸಿಕೊಂಡರು. ಮೊರಿಟಾ ಚಿಕಿತ್ಸೆ ರೂಪುಗೊಂಡದ್ದು ಹೀಗೆ, ಒಂದು ಮನೆಯೊಳಗೆ.

ಈ ಚಿಕಿತ್ಸೆಯಲ್ಲಿ ಮೊದಲ ವಾರ ರೋಗಿ ಒಬ್ಬನೇ ಮಲಗಿರಬೇಕು. ಓದಿಲ್ಲ, ಮಾತಿಲ್ಲ. ಭಯ ಬಂದರೆ ಬರಲಿ, ಹೋದರೆ ಹೋಗಲಿ. ಸುಮ್ಮನೆ ಬಿದ್ದುಕೊಂಡು ಬೇಸತ್ತ ಮೈ ತಾನಾಗಿ ಕೆಲಸ ಬೇಡುತ್ತದೆ. ನನ್ನನ್ನು ತಟ್ಟುವುದು ಆಮೇಲಿನ ಹಂತ: ಬಾಗಿಲು ತೆರೆದು ಅಂಗಳಕ್ಕಿಳಿಯುವುದು. ಬಿಸಿಲು, ಮಣ್ಣು, ಗಿಡ, ಹಗುರವಾದ ಕೆಲಸ. ನಂತರ ಸೌದೆ ಒಡೆಯುವಂಥ ಭಾರದ ದುಡಿಮೆ, ಕೊನೆಗೆ ಹೊರಗಿನ ಬದುಕು. ಇಲ್ಲಿ ನಿಸರ್ಗವೆಂದರೆ ನೋಡಿ ಮೆಚ್ಚುವ ನೋಟವಲ್ಲ, ಕೈಗೆ ಅಂಟುವ ಮಣ್ಣು. ನಮ್ಮ ಮಾತುಚಿಕಿತ್ಸೆಗಳು ಈ ಅಂಗಳವನ್ನು ಮರೆತಿವೆ ಎಂದೇ ನನ್ನ ಕೊರಗು.

ಮೊರಿಟಾ ಕಂಡುಕೊಂಡ ಸೂತ್ರ ಸರಳ. ಎದೆಬಡಿತದ ಕಡೆ ಗಮನ ಹೋದಷ್ಟೂ ಬಡಿತ ಜೋರಾಗಿ ಕೇಳುತ್ತದೆ. ಜೋರಾದಷ್ಟೂ ಗಮನ ಅಲ್ಲೇ ಅಂಟಿಕೊಳ್ಳುತ್ತದೆ. ಬಡಿತವನ್ನು ಅಡಗಿಸಲು ಹೊರಟರೆ ಈ ಗಂಟು ಇನ್ನೂ ಬಿಗಿಯುತ್ತದೆ. ಇದ್ದದ್ದನ್ನು ಇದ್ದಂತೆ ಇರಗೊಟ್ಟು, ಕೈಯಲ್ಲಿರುವ ಕೆಲಸ ಮಾಡುವುದು ಅವರ ಮದ್ದು. ಇದಕ್ಕೆ ಜಪಾನಿಯಲ್ಲಿ ‘ಅರುಗಮಾಮಾ’ ಎನ್ನುತ್ತಾರೆ.

ಗಮನ ತನ್ನಲ್ಲೇ ಸಿಕ್ಕಿಕೊಳ್ಳುವ ಈ ಸುಳಿಯ ಹತ್ತಿರದ ನೆಂಟನನ್ನು ಮಿದುಳಿನಲ್ಲಿ ಹುಡುಕಿದವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್ಮನ್ ಮತ್ತು ಸಂಗಡಿಗರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೆಲವರು ಹುಲ್ಲುಗಾವಲಿನಲ್ಲಿ, ಕೆಲವರು ವಾಹನ ದಟ್ಟಣೆಯ ರಸ್ತೆ ಬದಿಯಲ್ಲಿ 90 ನಿಮಿಷ ನಡೆದರು. ಹುಲ್ಲುಗಾವಲಿನಲ್ಲಿ ನಡೆದವರಲ್ಲಿ ತನ್ನ ಬಗ್ಗೆಯೇ ಕೊರಗುವ ಯೋಚನೆ ತಗ್ಗಿತು. ಅಂಥ ಕೊರಗಿನ ಜೊತೆ ನಂಟಿರುವ, ಹಣೆಯ ಹಿಂದಿನ ಮಿದುಳಿನ ಒಂದು ಭಾಗದ ಚಟುವಟಿಕೆಯೂ ತಗ್ಗಿತು. ನಡೆದವರು ರೋಗಿಗಳಲ್ಲ, ಆರೋಗ್ಯವಂತರು. ಹಾಗಾಗಿ ಇದನ್ನೇ ಚಿಕಿತ್ಸೆ ಎಂದು ಹಿಗ್ಗಿಸಬಾರದು.

ಗಮನ ಕೊರಗಿನಿಂದ ಕೆಲಸದ ಕಡೆ ತಿರುಗಲೆಂದೇ ಮೊರಿಟಾ ಅವರ ರೋಗಿಗಳು ರಾತ್ರಿ ದಿನಚರಿ ಬರೆದು ವೈದ್ಯರಿಗೆ ಒಪ್ಪಿಸಬೇಕಿತ್ತು. ಎದೆ ಎಷ್ಟು ಹೊಡೆದುಕೊಂಡಿತು ಎಂಬ ದೂರಿಗೆ ಅಲ್ಲಿ ಬೆಲೆಯಿರಲಿಲ್ಲ. ಆ ದಿನ ಏನು ಮಾಡಿದಿರಿ ಎಂಬುದನ್ನಷ್ಟೇ ಬರೆಯಬೇಕಿತ್ತು.