ದನಗಳ ಮೇವೂ ಹೊಟ್ಟೆಯೊಳಗಣ ಹುದುಗೂ

ಸುಗ್ಗಿಯಲ್ಲಿ ಕಣದ ರಾಶಿಗೆ ಬಾಯಿಹಾಕಿದ ಎತ್ತು, ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ತಿಂದ ಹಸು, ಮಾರನೆಯ ದಿನವೇ ನೆಲಹಿಡಿಯುವುದುಂಟು. ದೃಷ್ಟಿ ತಾಗಿತೆಂದು ಹೇಳುವವರಿದ್ದಾರೆ. ಆದರೆ ಕಾರಣವಿರುವುದು ಹೊಟ್ಟೆಯಲ್ಲಿಯೇ.

ಮೆಲುಕುಹಾಕುವ ಪ್ರಾಣಿಗಳ ಜಠರದ ನಾಲ್ಕು ಭಾಗಗಳಲ್ಲಿ ಮೊದಲನೆಯದು ದೊಡ್ಡದೊಂದು ಹುದುಗುತೊಟ್ಟಿಯಂತಿದೆ. ಅದರಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಇವುಗಳಲ್ಲಿ ಕೆಲವನ್ನು ಗ್ರೂಬಿ, ದೆಲಾಫೋನ್ ಎಂಬ ವಿದ್ವಾಂಸರು 1843ರಲ್ಲಿ ವರ್ಣಿಸಿದರು. ಹುಲ್ಲಿನ ನಾರನ್ನು ತಾನಾಗಿ ಕರಗಿಸುವ ಶಕ್ತಿ ದನಕ್ಕಿಲ್ಲ. ಈ ಜೀವಿಗಳೇ ಅದನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾರ್ಪಡಿಸುವುವು. ಆ ಆಮ್ಲಗಳಿಂದಲೇ ದನಕ್ಕೆ ಬಲವುಂಟಾಗುವುದು. ಜೀವಿಗಳು ತಾವೂ ಮುಂದಣ ಭಾಗಗಳಿಗೆ ಸಾಗಿ, ಜೀರ್ಣವಾಗಿ, ದನಕ್ಕೆ ಸಸಾರಜನಕವನ್ನೊದಗಿಸುವುವು.

ಬರಿಯ ರಾಗಿಹುಲ್ಲು, ಭತ್ತದ ಹುಲ್ಲುಗಳಲ್ಲಿ ಈ ಜೀವಿಗಳಿಗೆ ಬೇಕಾದಷ್ಟು ಸಾರಜನಕವಿಲ್ಲ. ಆದುದರಿಂದ ಹುಲ್ಲು ಬೇಗ ಕರಗದೆ, ದನವು ಬಡಕಲಾಗುವುದು. ಕಡಲೆಕಾಯಿಹಿಂಡಿಯನ್ನಾಗಲಿ ಅಲಸಂದೆಯ ಹಸಿಮೇವನ್ನಾಗಲಿ ಕೂಡಿಸಿದರೆ ಅದೇ ಹುಲ್ಲು ಹೆಚ್ಚಾಗಿ ಪಚನವಾಗುವುದು.

ಧಾನ್ಯ, ಅನ್ನ, ಮುದ್ದೆಗಳು ಒಮ್ಮೆಗೇ ವಿಶೇಷವಾಗಿ ಬಿದ್ದರೆ ಇದಕ್ಕೆ ವಿಪರೀತವಾದ ಪರಿಣಾಮವಾಗುತ್ತದೆ. ಲ್ಯಾಕ್ಟಿಕ್ ಆಮ್ಲವು ಅತಿಯಾಗಿ ಹುಟ್ಟಿ, ನಾರನ್ನು ಕರಗಿಸುವ ಜೀವಿಗಳು ನಶಿಸಿ, ಹೊಟ್ಟೆಯ ಚಲನೆ ನಿಲ್ಲುವುದು. ಆಮ್ಲವು ರಕ್ತಕ್ಕೇರಿದರೆ ಪ್ರಾಣಾಪಾಯವೂ ಉಂಟು.

ಆದಕಾರಣ ದಾಣಿಯನ್ನು 10ರಿಂದ 14 ದಿನಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸತಕ್ಕದ್ದು. ಮೊದಲು ಹುಲ್ಲು, ಅನಂತರ ದಾಣಿ ಎಂಬ ಕ್ರಮವು ಒಳ್ಳೆಯದು. ಧಾನ್ಯ ತಿಂದ ದನವನ್ನು, ಅದು ಮಲಗುವವರೆಗೆ ಕಾಯದೆ, ಪಶುವೈದ್ಯರಿಗೆ ತೋರಿಸತಕ್ಕದ್ದು. ಸಮಾರಂಭಗಳಲ್ಲಿ ಮಿಕ್ಕ ಅನ್ನವನ್ನು ಬೀದಿಗೆ ಸುರಿಯದೆ ಗುಂಡಿಯಲ್ಲಿ ಹೂಳುವಂತೆ ಊರಿನ ಮುಖಂಡರು ಏರ್ಪಾಡು ಮಾಡಬೇಕು. ಒಂದು ಗುಂಡಿ ತೋಡುವ ಶ್ರಮದಿಂದ ಬಡ ರೈತನ ಜೋಡೆತ್ತು ಉಳಿದೀತು.