ಕನ್ನಡ ಎಸ್‌ಎಂಎಸ್‌ಗೆ 70ರ ಮಿತಿ ಏಕೆ?

ಗ್ರಾಹಕರಿಗೆ ಕಳುಹಿಸುವ ಬಿಲ್ಲಿನ ಸೂಚನೆ ಇಂಗ್ಲಿಷಿನಲ್ಲಿ ಒಂದೇ ಎಸ್‌ಎಂಎಸ್‌ನಲ್ಲಿ ಮುಗಿದರೂ ಕನ್ನಡದಲ್ಲಿ ಎರಡಾಗುವುದುಂಟು. ಕಾರಣವೇನು?

ಒಂದು ಎಸ್‌ಎಂಎಸ್‌ನ ಗಾತ್ರ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. 160 ಅಕ್ಷರಗಳು ಹಿಡಿಯುತ್ತವೆ. ಯೂನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ 16 ಬಿಟ್ ಬೇಕು. ಹಿಡಿಯುವುದು 70 ಮಾತ್ರ. ಸ್ವರಚಿಹ್ನೆ, ವಿರಾಮಚಿಹ್ನೆಗಳೂ (್) ಪ್ರತ್ಯೇಕ ಸಂಕೇತಗಳೇ. ‘ವಿದ್ಯುತ್’ ಪದಕ್ಕೇ 8 ಸಂಕೇತ! ಸಂದೇಶ ಎರಡಾದರೆ ಖರ್ಚೂ ಇಮ್ಮಡಿ; ಆಗ ಕನ್ನಡವನ್ನೇ ಕೈಬಿಡುವುದು ಸುಲಭ.

ಇದಕ್ಕೆ ಪರಿಹಾರವಿದೆ. ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ, ಕನ್ನಡಕ್ಕೂ 7 ಬಿಟ್‌ನ ಸಂಕೇತಪಟ್ಟಿಯನ್ನು ಸೇರಿಸಿದೆ. ‘ಇದು ಕನ್ನಡಪಟ್ಟಿ’ ಎಂದು ತಿಳಿಸಲು 4 ಬೈಟ್ ಕಳೆದರೂ 155 ಸಂಕೇತಗಳಿಗೆ ಜಾಗ ಉಳಿಯುತ್ತದೆ. ಆದರೆ ಕಳುಹಿಸುವ ತಂತ್ರಾಂಶ, ಜಾಲ, ಪಡೆಯುವ ಫೋನು ಮೂರೂ ಆ ಪಟ್ಟಿಯನ್ನು ಬಲ್ಲವಾಗಿರಬೇಕು.

ನಿಮ್ಮ ಹೆಸರಿಗೆ ಎಷ್ಟು ಸಂಕೇತ ಬೇಕು? ಎಣಿಸಿ ನೋಡಿ.